ಮಗುವಿನ ಹಾಗೆ ನಂಬಬೇಕು ಅಂತಾರೆ. 58ನೇ ವಯಸ್ಸಿನಲ್ಲಿ ಅದು ಹೇಗೆ?

ಕೇಳಿದವರು: ಮುಂದಿನ ಸಾಲು

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 58 ವರ್ಷ. ನಮ್ಮ ಚರ್ಚಿನ ಸಭೆಯ ಕಮಿಟಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಭಾನುವಾರ ಬಾಗಿಲು ತೆಗೆಯುವುದು, ಮೈಕ್ ನೋಡಿಕೊಳ್ಳುವುದು, ಕಾಣಿಕೆ ಎಣಿಸುವುದು, ಎಲ್ಲದರಲ್ಲೂ ನನ್ನ ಕೈ ಇದೆ. ಮುಂದಿನ ಸಾಲಿನ ಎಡಗಡೆ ಕೊನೆಯ ಕುರ್ಚಿ ನನ್ನದು. ಯಾರೂ ಬರೆದುಕೊಟ್ಟಿಲ್ಲ. ಆದರೂ ನನ್ನದು.

ಮಕ್ಕಳ ಭಾನುವಾರದ ದಿನ ಬೈಬಲಿನ ಮತ್ತಾಯ 18ನೇ ಅಧ್ಯಾಯ ಓದುವ ಸರದಿ ನನಗೆ ಬಂತು. ಎದ್ದು ಹೋಗಿ ಮೈಕ್ ಮುಂದೆ ನಿಂತು ತಲೆ ಎತ್ತಿದರೆ, ನನ್ನ ಕುರ್ಚಿಯಲ್ಲಿ ಹೊಸದಾಗಿ ಬಂದ ಒಬ್ಬ ಹುಡುಗ ಕೂತಿದ್ದಾನೆ. ಖಾಲಿ ಇತ್ತು, ಕೂತ. ಅವನಿಗೇನು ಗೊತ್ತು ಪಾಪ. ನಾನು ಓದುತ್ತಾ ಹೋದೆ. ಈ ಮಗುವಿನ ಹಾಗೆ ತನ್ನನ್ನು ತಗ್ಗಿಸಿಕೊಳ್ಳುವವನೇ ದೊಡ್ಡವನು ಅನ್ನುವ ಮಾತು ಬಂತು. ಬಾಯಿ ಓದುತ್ತಿತ್ತು, ಕಣ್ಣು ಕುರ್ಚಿಯ ಮೇಲಿತ್ತು, ಹೊಟ್ಟೆ ಉರಿಯುತ್ತಿತ್ತು. ಓದಿ ಮುಗಿಸಿ ಹಿಂದೆ ಹೋಗಿ ಗೋಡೆಗೆ ಒರಗಿ ನಿಂತೆ. ಆರಾಧನೆ ಮುಗಿದ ಮೇಲೆ ಒಬ್ಬರು ಬಂದು, "ಎಷ್ಟು ದೀನತೆ ಸರ್ ನಿಮಗೆ, ಕುರ್ಚಿ ಬಿಟ್ಟುಕೊಟ್ಟು ನಿಂತೇ ಇದ್ರಿ" ಅಂದರು. ನಾನು ನಕ್ಕು ತಲೆ ತಗ್ಗಿಸಿದೆ. ಒಳಗೊಳಗೆ ಖುಷಿಯಾಯಿತು. ಆ ಖುಷಿ ನೋಡಿಯೇ ನನಗೆ ಭಯವಾಗಿದ್ದು.

ಇದು ಒಂದು. ಇನ್ನೊಂದನ್ನು ಹೇಳುವುದು ಕಷ್ಟ.

ಮೊಮ್ಮಗ ನಮ್ಮ ಜೊತೆಗೇ ಇದ್ದಾನೆ, ಐದು ವರ್ಷ. ಅವನ ಕೆಂಪು ಆಟದ ಬಸ್ಸು ಕಳೆದುಹೋಗಿದೆ. ರಾತ್ರಿ ಮಲಗುವಾಗ ಕೈ ಜೋಡಿಸಿ, "ದೇವರೇ, ನನ್ನ ಬಸ್ಸು ಎಲ್ಲಿದೆ ಹೇಳು, ಆಮೆನ್" ಅನ್ನುತ್ತಾನೆ. ಅಷ್ಟೇ. ಎರಡು ನಿಮಿಷಕ್ಕೆ ನಿದ್ದೆ. ನಾನು ಪಕ್ಕದಲ್ಲಿ ಕೂತು ಅವನನ್ನೇ ನೋಡುತ್ತಿರುತ್ತೇನೆ.

ಮೂರು ವರ್ಷದ ಹಿಂದೆ ನನ್ನ ತಮ್ಮ ಆಸ್ಪತ್ರೆಯಲ್ಲಿದ್ದಾಗ ನಾನೂ ಹೀಗೇ ಕೇಳಿದ್ದೆ. ಹದಿನಾರು ದಿನ ಕೇಳಿದೆ. ಅವನು ಹೋಗಿಬಿಟ್ಟ. ಅವತ್ತಿಂದ ನಾನು ದೇವರ ಹತ್ತಿರ ನನಗಾಗಿ ಏನೂ ಕೇಳಿಲ್ಲ. ಪ್ರಾರ್ಥನೆ ಮಾಡ್ತೀನಿ, ಚೆನ್ನಾಗಿಯೇ ಮಾಡ್ತೀನಿ, ಜನ ಮೆಚ್ಚುತ್ತಾರೆ. ಸ್ತೋತ್ರ, ಕೃತಜ್ಞತೆ, ಸಭೆಗಾಗಿ ಬಿನ್ನಹ, ಎಲ್ಲ ಇರುತ್ತೆ. ಆದರೆ "ನನಗೆ ಇದು ಬೇಕು" ಅನ್ನುವ ಒಂದು ವಾಕ್ಯ ಇರುವುದಿಲ್ಲ. ನಿನ್ನ ಚಿತ್ತದಂತೆ ಆಗಲಿ ಅಂದು ಮುಗಿಸಿಬಿಡ್ತೀನಿ. ಇದು ದೀನತೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಅನುಮಾನ.

ಒಂದು ಸಲ ಒಬ್ಬ ಹಿರಿಯರ ಹತ್ತಿರ ಇದನ್ನು ಹೇಳಲು ಹೋಗಿದ್ದೆ. ಅರ್ಧ ಕೇಳಿ, "ಪ್ರಶ್ನೆ ಮಾಡಬಾರದು, ಮಗುವಿನ ಹಾಗೆ ನಂಬಬೇಕು" ಅಂದರು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

ನನ್ನ ಪ್ರಶ್ನೆ ಇಷ್ಟೇ. ಇಷ್ಟೆಲ್ಲ ನೋಡಿ ಆದ ಮೇಲೆ ಮಗುವಾಗುವುದು ಅಂದರೆ ಏನು? ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ಇರಬೇಕಾ?

ಉತ್ತರ: ದೇವರ ಕುರಿ

ಪ್ರೈಸ್ ದ ಲಾರ್ಡ್ ಬ್ರದರ್. ನೀವು ಯೋಚನೆ ಜಾಸ್ತಿ ಮಾಡ್ತೀರಿ. ಮಕ್ಕಳು ಯೋಚನೆ ಮಾಡ್ತಾರಾ? ತಂದೆ ಮೇಲಕ್ಕೆ ಎಸೆದರೆ ನಗುತ್ತವೆ, ಹಿಡಿಯುತ್ತಾನೆ ಅಂತ ಗೊತ್ತು. ಅದೇ ನಂಬಿಕೆ. ಸುಮ್ನೆ ನಂಬಿ, ಪ್ರಶ್ನೆ ಸೈತಾನನ ಬಾಗಿಲು. ನಿಮಗಾಗಿ ಪ್ರಾರ್ಥಿಸುತ್ತೇನೆ.

ಉತ್ತರ: ಸಂಡೇ ಸ್ಕೂಲ್ ಅಕ್ಕ

ದೇವರ ಕುರಿ ಅವರೇ, ಮಕ್ಕಳು ಯೋಚನೆ ಮಾಡಲ್ಲ ಅಂತ ನಿಮಗೆ ಹೇಳಿದ್ದು ಯಾರು? ಹದಿನೆಂಟು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಒಂದು ಭಾನುವಾರ ನನ್ನ ಕ್ಲಾಸಿಗೆ ಬಂದು ಕೂತ್ಕೊಳ್ಳಿ.

ಮುಂದಿನ ಸಾಲು ಸರ್, ಮೊದಲು ಒಂದು ಸಮಾಧಾನದ ಮಾತು. ಮಕ್ಕಳಿಗೆ ದೀನತೆ ಅನ್ನುವುದು ಇಲ್ಲವೇ ಇಲ್ಲ. ಸಾಲಿನಲ್ಲಿ ಮೊದಲು ನಿಲ್ಲುವುದಕ್ಕೆ ಜಗಳ, ಗಂಟೆ ಬಾರಿಸುವುದಕ್ಕೆ ಜಗಳ, ಕ್ರಿಸ್‌ಮಸ್ ನಾಟಕದಲ್ಲಿ ಕುರಿ ಆಗಲ್ಲ, ದೇವದೂತನೇ ಆಗಬೇಕು ಅಂತ ಅಳು. ನಿಮ್ಮ ಕುರ್ಚಿಯ ಉರಿ ಇದೆಯಲ್ಲ, ಅದು ಅಪ್ಪಟ ಮಕ್ಕಳ ಬುದ್ಧಿ. ಹಾಗಾಗಿ ಯೇಸು ಮಗುವನ್ನು ನಿಲ್ಲಿಸಿದ್ದು "ನೋಡಿ, ಎಷ್ಟು ಒಳ್ಳೆಯ ಗುಣ" ಅಂತ ತೋರಿಸಲಿಕ್ಕೆ ಅಲ್ಲ ಅಂತ ನನ್ನ ಲೆಕ್ಕ.

ಮತ್ತೆ ಯಾಕೆ? ಆ ಮಾತು ಶುರುವಾಗಿದ್ದು ಎಲ್ಲಿ ನೋಡಿ. ಮಾರ್ಕ 9ರಲ್ಲಿ ಶಿಷ್ಯರು ದಾರಿಯುದ್ದಕ್ಕೂ ತಮ್ಮಲ್ಲಿ ಯಾರು ದೊಡ್ಡವನು ಅಂತ ವಾದ ಮಾಡಿಕೊಂಡು ಬಂದಿದ್ದಾರೆ. ಕಪೆರ್ನೌಮಿನ ಮನೆ ಸೇರಿದ ಮೇಲೆ ಯೇಸು, "ದಾರಿಯಲ್ಲಿ ಏನು ಮಾತಾಡ್ತಾ ಇದ್ರಿ?" ಅಂತ ಕೇಳುತ್ತಾನೆ. ಒಬ್ಬರೂ ಬಾಯಿ ಬಿಡಲ್ಲ. ಥೇಟ್ ನನ್ನ ಕ್ಲಾಸು. ಆಗ ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸುತ್ತಾನೆ, ಅಪ್ಪಿಕೊಳ್ಳುತ್ತಾನೆ. ಆ ಕಾಲದಲ್ಲಿ ಮಗು ಅಂದರೆ ಮುದ್ದಿನ ಗೊಂಬೆ ಅಲ್ಲ. ಲೆಕ್ಕಕ್ಕೇ ಇಲ್ಲದವರು. ಸಾಕ್ಷಿ ಹೇಳಲಿಕ್ಕೆ ಆಗಲ್ಲ, ಆಸ್ತಿ ಇಲ್ಲ, ಮಾತಿಗೆ ಬೆಲೆ ಇಲ್ಲ. ಯಾವ ಸ್ಥಾನಕ್ಕೆ ಅವರು ಜಗಳ ಆಡ್ತಾ ಇದ್ದರೋ, ಆ ಪಟ್ಟಿಯಲ್ಲಿ ಹೆಸರೇ ಇಲ್ಲದವನನ್ನು ತಂದು ನಡುವೆ ನಿಲ್ಲಿಸಿದ.

ಅಂದರೆ "ಮಕ್ಕಳ ಹಾಗೆ ಆಗಿ" ಅನ್ನುವುದು ಯಾರಿಗೆ ಹೇಳಿದ ಮಾತು? ದೊಡ್ಡವರಾಗಲು ಹೊರಟವರಿಗೆ. ನಾಳೆ ಸಭೆ ನಡೆಸಬೇಕಾದ ಹನ್ನೆರಡು ಜನಕ್ಕೆ. ಪ್ರಶ್ನೆ ಹಿಡಿದುಕೊಂಡು ಬಂದ ದುಃಖಿತರಿಗೆ ಅಲ್ಲ. ಮತ್ತಾಯನಲ್ಲಿ ಅದರ ಬೆನ್ನಿಗೇ ಬೀಸುವ ಕಲ್ಲಿನ ಮಾತು ಬರುತ್ತೆ. ಈ ಚಿಕ್ಕವರಲ್ಲಿ ಒಬ್ಬರನ್ನು ಎಡವಿಸುವವನ ಕೊರಳಿಗೆ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಮೇಲು ಅಂತ. ನಿಮ್ಮ ಆ ಹಿರಿಯರು ಮೇಲಿನವರಿಗೆ ಹೇಳಿದ ಮಾತನ್ನು ತೆಗೆದುಕೊಂಡು ಕೆಳಗಿನವರ ಬಾಯಿಗೆ ಬೀಗ ಮಾಡಿದ್ದಾರೆ. ನನಗೆ ಸಿಟ್ಟು ಬಂತು ಓದಿ.

ಸಿಟ್ಟು ಬರಲು ಕಾರಣ ಇದೆ. ನಾನೂ ಅದನ್ನೇ ಮಾಡಿದ್ದೇನೆ.

ಬೇತೆಸ್ದ ಕೊಳದ ಪಾಠ ಮಾಡ್ತಾ ಇದ್ದೆ, ಯೋಹಾನ 5. ಐದು ಮಂಟಪ, ಅಲ್ಲೆಲ್ಲ ರೋಗಿಗಳು ಮಲಗಿದ್ದಾರೆ, 38 ವರ್ಷದಿಂದ ಕಾಯಿಲೆಯಲ್ಲಿದ್ದವನನ್ನು ಯೇಸು ಎಬ್ಬಿಸುತ್ತಾನೆ. ಬೋರ್ಡಿನ ಮೇಲೆ ಚಿತ್ರ ಬಿಡಿಸಿದ್ದೆ. ಕಡ್ಡಿ ಕಡ್ಡಿ ಮನುಷ್ಯರು ಒಂದು ಹತ್ತು ಹನ್ನೆರಡು ಜನ ಮಲಗಿರುವ ಹಾಗೆ. ಆರು ವರ್ಷದ ಒಂದು ಹುಡುಗಿ ಎದ್ದು ಬಂದಳು. ಎದ್ದು ನಿಂತವನ ಮೇಲೆ ಅಲ್ಲ, ಪಕ್ಕದವರ ಮೇಲೆ ಬೆರಳಿಟ್ಟು, "ಇವರು?" ಅಂದಳು. "ಇವರು? ಇವರು?" ಅಂತ ಒಬ್ಬೊಬ್ಬರನ್ನೂ ಮುಟ್ಟಿದಳು. ಸೀಮೆಸುಣ್ಣ ಬೆರಳಿಗೆ ಮೆತ್ತಿಕೊಂಡಿತು. ನನಗೆ ಉತ್ತರ ಗೊತ್ತಿರಲಿಲ್ಲ. "ಪುಟ್ಟೀ, ಯೇಸುವನ್ನು ನಂಬಬೇಕು, ಹಾಗೆಲ್ಲ ಕೇಳಬಾರದು" ಅಂದೆ. ಅವಳು ಹೋಗಿ ಕೂತಳು. ಮುಂದಿನ ವಾರ ಅವಳು ಏನೂ ಕೇಳಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಒಳ್ಳೆಯ ಹುಡುಗಿ ಆಗಿಬಿಟ್ಟಿದ್ದಳು.

ಒಂದು ತಿಂಗಳಾದ ಮೇಲೆ ನಾನೇ ಅವಳನ್ನು ಕೂರಿಸಿಕೊಂಡು, "ಅವತ್ತು ನೀನು ಕೇಳಿದ್ದು ಸರಿಯಾದ ಪ್ರಶ್ನೆ, ಅಕ್ಕನಿಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಹಾಗಂದೆ" ಅಂತ ಒಪ್ಪಿಕೊಂಡೆ. ಹದಿನೆಂಟು ವರ್ಷದಲ್ಲಿ ನನಗೆ ಬಹಳ ಕಷ್ಟವಾದ ಪಾಠ ಅದು. ಬಹುಮಾನ ಹಂಚುವಾಗ ಕಾಣಿಸದ ಅಹಂಕಾರ ಆಗ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಸರ್, ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಏನು ಮಾಡ್ತಾ ಇದ್ದ? ಬೋಧಕರ ನಡುವೆ ಕೂತು ಕೇಳಿಸಿಕೊಳ್ಳುತ್ತಾ, ಪ್ರಶ್ನೆ ಮಾಡ್ತಾ ಇದ್ದ. ಲೂಕ 2:46. ಪ್ರಶ್ನೆ ಮಾಡುವುದು ಸೈತಾನನ ಬಾಗಿಲಾದರೆ ಆ ಬಾಗಿಲಲ್ಲಿ ಮೊದಲು ಕೂತವನು ಯಾರು?

ಉತ್ತರ: ದೇವರ ಕುರಿ

ಅಕ್ಕ, ನಾನು ಹಾಗೆ ಹೇಳಲಿಲ್ಲ. ಅಹಂಕಾರದ ಪ್ರಶ್ನೆ ಬೇರೆ. ಸರಿ ಬಿಡಿ. ಸೈತಾನನ ಮಾತು ವಾಪಸ್ ತಗೊಳ್ತೀನಿ.

ಉತ್ತರ: ಹಳೇ ಕನ್ನಡಕ

ಕುರ್ಚಿ ಮತ್ತು ಕೇಳುವುದು, ಎರಡು ಬೇರೆ ಬೇರೆ ಸಮಸ್ಯೆ ಅಂತ ಮುಂದಿನ ಸಾಲು ಅವರು ಬರೆದಿದ್ದಾರೆ. ನನಗೆ ಒಂದೇ ಅನ್ನಿಸುತ್ತೆ. ಮಾರ್ಕ 10ನೇ ಅಧ್ಯಾಯವನ್ನು ಒಂದೇ ಉಸಿರಿಗೆ ಓದಿ ನೋಡಿ, ತುಂಡು ತುಂಡಾಗಿ ಬೇಡ. ನಾವು ಭಾನುವಾರಕ್ಕೆ ಒಂದೊಂದು ತುಂಡು ಓದಿ ಓದಿ, ಪಕ್ಕದಲ್ಲಿ ಏನಿದೆ ಅಂತ ನೋಡುವುದನ್ನೇ ಬಿಟ್ಟಿದ್ದೇವೆ.

ಮೊದಲು ಮಕ್ಕಳು ಬರುತ್ತಾರೆ. ಶಿಷ್ಯರು ಗದರಿಸುತ್ತಾರೆ. ಯೇಸು ಸಿಟ್ಟಾಗುತ್ತಾನೆ. ದೇವರ ರಾಜ್ಯವನ್ನು ಮಗುವಿನ ಹಾಗೆ ತೆಗೆದುಕೊಳ್ಳದವನು ಅದರಲ್ಲಿ ಸೇರುವುದೇ ಇಲ್ಲ ಅನ್ನುವುದು ಇಲ್ಲಿಯೇ. ಗಮನಿಸಿ, ಇಲ್ಲಿ ಮಾತು ತೆಗೆದುಕೊಳ್ಳುವುದರದ್ದು. ಇದೇ ಸಂಗತಿಯನ್ನು ಲೂಕ ಬರೆಯುವಾಗ ಕೈಕೂಸಿಗೆ ಬಳಸುವ ಗ್ರೀಕ್ ಪದ ಹಾಕುತ್ತಾನೆ. ಗೋದಲಿಯಲ್ಲಿ ಮಲಗಿದ್ದ ಶಿಶುವಿಗೆ 2ನೇ ಅಧ್ಯಾಯದಲ್ಲಿ ಬಳಸಿದ ಪದವೇ ಅದು. ಕೈಕೂಸಿಗೆ ನಂಬುವ ಸಾಮರ್ಥ್ಯ ಎಷ್ಟು, ದೀನತೆ ಎಷ್ಟು? ಸೊನ್ನೆ. ಅದಕ್ಕೆ ಬರುವುದು ಎರಡೇ. ಅಳುವುದು, ಕೊಟ್ಟಿದ್ದನ್ನು ತೆಗೆದುಕೊಳ್ಳುವುದು.

ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಯಾಕೋಬ, ಯೋಹಾನ ಬರುತ್ತಾರೆ. ನಮಗೊಂದು ಕೆಲಸ ಆಗಬೇಕು ಅನ್ನುತ್ತಾರೆ. ಯೇಸು ಕೇಳುತ್ತಾನೆ, "ನಾನು ನಿಮಗೆ ಏನು ಮಾಡಬೇಕು ಅಂತೀರಿ?" ಅವರಿಗೆ ಬೇಕಾಗಿದ್ದು ಏನು ಗೊತ್ತಾ? ಕುರ್ಚಿ! ಒಂದು ಬಲಗಡೆ, ಒಂದು ಎಡಗಡೆ. ಉಳಿದ ಹತ್ತು ಜನಕ್ಕೂ ಹೊಟ್ಟೆ ಉರಿಯಿತು. ಸರ್, ನಿಮ್ಮ ಭಾನುವಾರ ಹೊಸದಲ್ಲ.

ಆಮೇಲೆ ಅಧ್ಯಾಯದ ಕೊನೆ. ಯೆರಿಕೋ ದಾರಿ, ಕುರುಡ ಬಾರ್ತಿಮಾಯ ಕೂಗುತ್ತಾನೆ. ಜನ ಅವನನ್ನೂ ಗದರಿಸುತ್ತಾರೆ. ಮಕ್ಕಳನ್ನು ಗದರಿಸಿದ ಕಡೆ ಇರುವ ಗ್ರೀಕ್ ಕ್ರಿಯಾಪದವೇ ಇಲ್ಲೂ ಇದೆ. ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ನಿಂತು ಕೇಳುವುದು ಅದೇ ಪ್ರಶ್ನೆ. "ನಾನು ನಿನಗೆ ಏನು ಮಾಡಬೇಕು ಅಂತೀ?" 36ನೇ ವಚನ, 51ನೇ ವಚನ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಣ್ಣಿದ್ದವರು ಕುರ್ಚಿ ಕೇಳಿದರು. ಕುರುಡ ಕಣ್ಣು ಕೇಳಿದ. ಶಿಷ್ಯರಿಗೆ ಸಿಕ್ಕ ಉತ್ತರ, ನೀವು ಏನು ಕೇಳ್ತಿದ್ದೀರಿ ಅಂತ ನಿಮಗೇ ಗೊತ್ತಿಲ್ಲ ಅಂತ.

ಆ ಅಧ್ಯಾಯದಲ್ಲಿ ಮಗುವಿನ ಹಾಗೆ ನಡೆದುಕೊಂಡ ದೊಡ್ಡವನು ಯಾರು ಅಂತ ಕೇಳಿದರೆ ನಾನು ಬಾರ್ತಿಮಾಯ ಅಂತೀನಿ. ಮರ್ಯಾದೆ ನೋಡಲಿಲ್ಲ. ಸುಮ್ಮನಿರು ಅಂದರೆ ಇರಲಿಲ್ಲ. ನನಗೆ ಕಣ್ಣಿಲ್ಲ ಅನ್ನುವುದನ್ನು ಮುಚ್ಚಿಡಲಿಲ್ಲ.

ಈಗ ನಿಮ್ಮ ವಿಷಯ. ಒರಟಾಗಿ ಹೇಳ್ತೀನಿ, ವಯಸ್ಸಿನಲ್ಲಿ ನಿಮಗಿಂತ ದೊಡ್ಡವನು, ಸಹಿಸಿಕೊಳ್ಳಿ. "ನಿನ್ನ ಚಿತ್ತದಂತೆ ಆಗಲಿ" ಅಂತ ನೀವು ಮೂರು ವರ್ಷದಿಂದ ಹೇಳ್ತಾ ಇರುವುದು ದೀನತೆ ಅಲ್ಲ ಅಂತ ನನಗೂ ಅನುಮಾನ. ಕೇಳಿ ಇಲ್ಲ ಅನ್ನಿಸಿಕೊಳ್ಳುವ ನೋವು ಇನ್ನೊಂದು ಸಲ ಬೇಡ ಅಂತ ಹಾಕಿಕೊಂಡ ಬೇಲಿ ಅದು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಆ ಮಾತು ಹೇಳಿದ, ಹೌದು. ಆದರೆ ಅದಕ್ಕೂ ಮೊದಲು ಏನಂದ? "ಅಪ್ಪಾ, ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು ನನ್ನಿಂದ ತೆಗೆ." ಮಾರ್ಕ 14:36. ಮೊದಲು ಬೇಕಾಗಿದ್ದನ್ನು ಬಾಯಿಬಿಟ್ಟು ಕೇಳಿದ. ಅದೂ ಮೂರು ಸಲ ಹೋಗಿ ಕೇಳಿದ. ನಾವು ಮೊದಲ ಅರ್ಧ ನುಂಗಿ ಎರಡನೇ ಅರ್ಧ ಮಾತ್ರ ಒಪ್ಪಿಸ್ತೀವಿ.

ದೀನತೆಗೆ ಸುಲಭದ ಅಳತೆ ಇದೆಯಾ ಅಂದರೆ ನನಗೆ ಗೊತ್ತಿಲ್ಲ. ಬೆನೆಡಿಕ್ಟ್ 6ನೇ ಶತಮಾನದಲ್ಲಿ ತನ್ನ ಮಠದವರಿಗೆ ಬರೆದ ನಿಯಮದಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲು ಎಣಿಸಿದ್ದಾನೆ. ನಾನು ಮೂರನೆಯದರಲ್ಲೇ ಕಾಲು ಜಾರಿದವನು. ಆದರೆ ಅದೇ ನಿಯಮದಲ್ಲಿ ನನಗೆ ಹಿಡಿಸುವ ಮಾತು ಬೇರೆ ಕಡೆ ಇದೆ. ಮಠದಲ್ಲಿ ಏನಾದರೂ ದೊಡ್ಡ ತೀರ್ಮಾನ ಆಗಬೇಕಾದರೆ ಎಲ್ಲರನ್ನೂ ಕರೆದು ಕೇಳಬೇಕು, ಯಾಕೆಂದರೆ ಎಷ್ಟೋ ಸಲ ಕರ್ತನು ಒಳ್ಳೆಯದನ್ನು ಚಿಕ್ಕವನಿಗೆ ತೋರಿಸುತ್ತಾನೆ ಅಂತ. ನಿಮ್ಮ ಕಮಿಟಿಯಲ್ಲಿ ಕುರ್ಚಿಯಲ್ಲಿ ಕೂತ ಆ ಹುಡುಗನನ್ನು ಕರೆದು ಏನಾದರೂ ಕೇಳಿದ್ದೀರಾ? ಸುಮ್ನೆ ಕೇಳಿದೆ.

ಉತ್ತರ: ಎರಡು ಮಕ್ಕಳಮ್ಮ

ಇಲ್ಲಿ ನಾನು ಬರೆಯುವುದು ಕಡಿಮೆ. ತಮ್ಮನ ವಿಷಯ ಓದಿ ಸುಮ್ಮನೆ ಹೋಗಲು ಆಗಲಿಲ್ಲ.

ಕೀರ್ತನೆ 131 ಗೊತ್ತಲ್ವಾ? ಮೂರೇ ವಚನ. ನನ್ನ ಹೃದಯದಲ್ಲಿ ಗರ್ವ ಇಲ್ಲ, ಕಣ್ಣು ಮೇಲೆ ಹತ್ತಿಲ್ಲ ಅಂತ ಶುರುವಾಗಿ, ತಾಯಿಯ ಹತ್ತಿರ ಇರುವ ಮಗುವಿನ ಹಾಗೆ ನನ್ನ ಪ್ರಾಣ ಸಮಾಧಾನವಾಗಿದೆ ಅಂತ ಬರುತ್ತೆ. ನಾನು ಎಷ್ಟೋ ವರ್ಷ ಅದನ್ನು ಹಾಲು ಕುಡಿದು ಮಲಗಿದ ಮಗು ಅಂದುಕೊಂಡು ಓದಿದ್ದೆ. ಅಲ್ಲ. ಹಾಲು ಬಿಟ್ಟ ಕೂಸು.

ಹೋದ ವರ್ಷ ಚಿಕ್ಕವನಿಗೆ ಹಾಲು ಬಿಡಿಸಿದೆ. ನಾಲ್ಕು ರಾತ್ರಿ. ಮೊದಲ ರಾತ್ರಿ ನನ್ನ ಎದೆಗೆ ತಲೆ ಗುದ್ದಿ ಗುದ್ದಿ ಅತ್ತ. ನಿನ್ನೆವರೆಗೂ ಕೊಡುತ್ತಿದ್ದವಳು ಇವತ್ತು ಯಾಕೆ ಕೊಡಲ್ಲ ಅಂತ ಅವನಿಗೆ ಹೇಗೆ ಹೇಳುವುದು? ಎರಡನೇ ರಾತ್ರಿ ನನ್ನನ್ನು ಮುಟ್ಟಲೂ ಬಿಡಲಿಲ್ಲ. ಬೆನ್ನು ಮಾಡಿ ಗೋಡೆ ಕಡೆ ತಿರುಗಿ ಬಿಕ್ಕುತ್ತಿದ್ದ. ಅವರಪ್ಪ ಎತ್ತಿಕೊಂಡರೂ ಬೇಡ. ಮೂರನೇ ರಾತ್ರಿ ಸ್ವಲ್ಪ ಅತ್ತು ಸುಸ್ತಾಗಿ ಮಲಗಿದ. ನಾಲ್ಕನೇ ರಾತ್ರಿ, ಎರಡು ಗಂಟೆ ಇರಬಹುದು, ತಾನೇ ಉರುಳಿಕೊಂಡು ಬಂದು ನನ್ನ ತೋಳಿನ ಮೇಲೆ ತಲೆ ಇಟ್ಟ. ಬಾಯಿ ಹುಡುಕಲಿಲ್ಲ. ಅವನ ಕೈ ನನ್ನ ಕಿವಿ ಹಿಡಿದುಕೊಂಡಿತ್ತು. ಹಾಗೇ ನಿದ್ದೆ ಹೋದ. ಏನೂ ಸಿಗಲ್ಲ ಅಂತ ಗೊತ್ತಿದ್ದೂ ಬಂದಿದ್ದ. ನಾನು ಅವತ್ತು ಅತ್ತೆ.

ಆ ಕೀರ್ತನೆಯ ಮಗು ಅದು ಸರ್. ಇಲ್ಲ ಅನ್ನಿಸಿಕೊಂಡ ಮಗು. ನಿಮ್ಮದು ಎರಡನೇ ರಾತ್ರಿ ಇರಬಹುದು. ಗೋಡೆ ಕಡೆ ತಿರುಗಿದ ರಾತ್ರಿ. ಅದೂ ಅದೇ ಹಾಸಿಗೆ ಮೇಲೆಯೇ ಅಲ್ವಾ.

ನಾವು ಕಥೋಲಿಕರು. ನಮ್ಮಲ್ಲಿ ಬಾಲ ಯೇಸುವಿನ ಸಂತ ತೆರೇಸಾ ಅಂದರೆ ಗುಲಾಬಿ ಹೂ ಹಿಡಿದ ಪಟ ಎಲ್ಲ ಕಡೆ ಇರುತ್ತೆ. 1873ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 15ಕ್ಕೆ ಕಾನ್ವೆಂಟ್ ಸೇರಿ, 24ಕ್ಕೆ ಕ್ಷಯ ಬಂದು ತೀರಿಕೊಂಡವಳು. ಪುಟ್ಟ ದಾರಿ ಅಂತ ಹೇಳಿದವಳು ಅವಳೇ. ಪರಿಪೂರ್ಣತೆಯ ಮೆಟ್ಟಿಲು ಹತ್ತಲು ನಾನು ತೀರಾ ಚಿಕ್ಕವಳು, ಶ್ರೀಮಂತರ ಮನೆಯಲ್ಲಿ ಲಿಫ್ಟ್ ಇರುವ ಹಾಗೆ ಯೇಸುವಿನ ತೋಳೇ ನನಗೆ ಲಿಫ್ಟ್ ಅಂದಳು. ಮುದ್ದಾದ ಮಾತು ಅಂತ ಎಲ್ಲರೂ ಹೇಳ್ತಾರೆ. ಆದರೆ ಅವಳ ಕೊನೆಯ ಒಂದೂವರೆ ವರ್ಷ ಪೂರ್ತಿ ಕತ್ತಲೆ. ಸ್ವರ್ಗ ಇದೆಯೋ ಇಲ್ಲವೋ ಅನ್ನುವಷ್ಟು. ಅದನ್ನು ಪಟದಲ್ಲಿ ಯಾರೂ ಬಿಡಿಸಲ್ಲ. 1997ರಲ್ಲಿ ಅವಳನ್ನು ಸಭೆಯ ಪಂಡಿತೆ ಅಂತ ಪೋಪ್ ಎರಡನೇ ಜಾನ್ ಪಾಲ್ ಘೋಷಿಸಿದರು. ಅಗಸ್ಟೀನ್, ಅಕ್ವಿನಾಸ್ ಅವರಂಥ ದೊಡ್ಡ ದೊಡ್ಡ ಪಂಡಿತರ ಸಾಲಿನಲ್ಲಿ ಈ ಹುಡುಗಿ. ಮಗುವಿನ ನಂಬಿಕೆ ಅಂದರೆ ಕತ್ತಲೆ ಗೊತ್ತಿಲ್ಲದವರದ್ದು ಅಂತ ಇನ್ನು ಮೇಲೆ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ.

ಉತ್ತರ: ದೇವರ ಕುರಿ

ಅಕ್ಕ, ನಾಲ್ಕನೇ ರಾತ್ರಿ ಓದಿ ಕಣ್ಣು ತುಂಬಿತು. ಮುಂದಿನ ಸಾಲು ಬ್ರದರ್, ನಾನು ಮೊದಲು ಬರೆದಿದ್ದನ್ನು ಮನಸ್ಸಿಗೆ ಹಚ್ಕೋಬೇಡಿ. ತಂದೆ ಮೇಲಕ್ಕೆ ಎಸೆದು ಹಿಡಿಯುವುದು ಬರೆದೆನಲ್ಲ, ನನ್ನ ತಂದೆ ಹಾಗೆ ಎಸೆದವರೇ ಅಲ್ಲ. ಎಲ್ಲೋ ಕೇಳಿದ್ದು.

ಉತ್ತರ: ಮುಂದಿನ ಸಾಲು

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ ಉತ್ತರ ಬರೆಯಲು ಆಗಲಿಲ್ಲ. ಕುರಿ ಬ್ರದರ್, ಮನಸ್ಸಿಗೆ ಏನೂ ಹಚ್ಕೊಂಡಿಲ್ಲ.

ಹಳೇ ಕನ್ನಡಕದವರೇ, ನೀವು ಸುಮ್ನೆ ಕೇಳಲಿಲ್ಲ ಅಂತ ಗೊತ್ತು. ಆ ಹುಡುಗನಿಗೆ ಫೋನ್ ಮಾಡಿದೆ. ಸೌಂಡ್ ಸಿಸ್ಟಮ್ ವಿಷಯದಲ್ಲಿ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಅದನ್ನು ಒಪ್ಪಿಕೊಳ್ಳಲು ಅರ್ಧ ದಿನ ಬೇಕಾಯಿತು. ಕುರ್ಚಿ ಇನ್ನೂ ನನ್ನದೇ ಅಂತ ಅನ್ನಿಸುತ್ತೆ. ಸುಳ್ಳು ಹೇಳಲ್ಲ.

ಹಾಲು ಬಿಡಿಸಿದ್ದು ಓದಿ ಫೋನ್ ಕೆಳಗಿಟ್ಟು ಎದ್ದು ಹೋದೆ. ಅದರ ಬಗ್ಗೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ ತಾಯಿ.

ನಿನ್ನೆ ರಾತ್ರಿ ಮೊಮ್ಮಗ ಬಸ್ಸಿನ ಪ್ರಾರ್ಥನೆ ಮುಗಿಸಿ, "ಅಜ್ಜ, ಈಗ ನೀನು" ಅಂದ. ಎಂದಿನ ಹಾಗೆ ಶುರು ಮಾಡಿದೆ. ಪರಲೋಕದಲ್ಲಿರುವ ತಂದೆಯೇ, ನಿನ್ನ ಕೃಪೆಗಾಗಿ, ಅಂತ. ಮುಂದೆ ಬರಲಿಲ್ಲ. ಒಂಬತ್ತು ವರ್ಷ ಮೈಕ್ ಮುಂದೆ ನಿಂತವನಿಗೆ ಮಾತು ಬರಲಿಲ್ಲ. ಆಮೇಲೆ, "ನಾನು ಹದಿನಾರು ದಿನ ಕೇಳಿದೆನಲ್ಲ, ಯಾಕೆ ನನ್ನ ತಮ್ಮನನ್ನು ಉಳಿಸಲಿಲ್ಲ" ಅಂತಷ್ಟೇ ಅಂದೆ. ಆಮೆನ್ ಅನ್ನುವುದೂ ಮರೆತೆ.

ಅವನು ಒಂದು ಕಣ್ಣು ತೆರೆದು ನೋಡಿದ.

"ಅಜ್ಜ, ದೇವರು ಏನಂದ್ರು?"

"ಏನೂ ಹೇಳಿಲ್ಲ ಕಣೋ."

"ನಂಗೂ" ಅಂದ. ಹೊದಿಕೆಯನ್ನು ಅರ್ಧ ನನ್ನ ಕಡೆ ಎಳೆದು ಹಾಕಿ, ಮಗ್ಗುಲು ತಿರುಗಿ ಮಲಗಿದ.